ಪಾದರಕ್ಷೆಯ ಸುಖ: ಒಂದು ಧರ್ಮವಿಚಾರ

ಧರ್ಮವಿಚಾರ ಎಂದೊಡನೆ ನಮ್ಮ ಮನಸ್ಸು ಆತ್ಮ, ಕರ್ಮ, ಮೋಕ್ಷಗಳಂತಹ ಉನ್ನತ ತತ್ತ್ವಗಳ ಕಡೆಗೆ ಹರಿಯುವುದು ಸಹಜ. ಆದರೆ ಶ್ರಾವಕನ ಧರ್ಮವು ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ನಿತ್ಯ ಬಳಕೆಯ ಸಣ್ಣ ವಸ್ತುಗಳಲ್ಲಿ. ಊಟದ ತಟ್ಟೆ, ಉಡುವ ಬಟ್ಟೆ, ಕುಡಿಯುವ ನೀರು ಇವುಗಳ ವಿಷಯದಲ್ಲಿ ನಮ್ಮ ಹಿರಿಯರು ಸಾಕಷ್ಟು ಹೇಳಿದ್ದಾರೆ, ನಾವೂ ಸಾಕಷ್ಟು ಕೇಳಿದ್ದೇವೆ. ಕಾಲಿಗೆ ಮೆಟ್ಟುವ ಪಾದರಕ್ಷೆಯ ವಿಷಯವನ್ನು ಮಾತ್ರ ಬಸದಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವಂತೆ, ವಿಚಾರದ ಬಾಗಿಲಲ್ಲಿಯೂ ಹೊರಗೇ ಬಿಟ್ಟಿದ್ದೇವೆ. ಹಿತವಾದ ಒಂದು ಜೊತೆ ಪಾದರಕ್ಷೆಗಾಗಿ ಆಯುಷ್ಯದ ಬಹುಭಾಗ ಹುಡುಕಾಡಿದ ನನ್ನಂಥವನಿಗೆ ಈ ವಿಷಯ ಹಗುರವಾದುದೆಂದು ತೋರುವುದಿಲ್ಲ. ನನ್ನ ಪಾದದ ಸುಖಕ್ಕಾಗಿ ನಾನು ಅನ್ಯ ಜೀವಿಗಳಿಂದ ಎಷ್ಟನ್ನು ಕೇಳಬಹುದು? ಈ ಪ್ರಶ್ನೆಯನ್ನು ಸುಜ್ಞ ವಾಚಕರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಪಾದದ ರಚನೆಯನ್ನು ನೋಡೋಣ. ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ದೇಹದ ಒಟ್ಟು 206 ಎಲುಬುಗಳಲ್ಲಿ 52, ಅಂದರೆ ಸುಮಾರು ನಾಲ್ಕನೆಯ ಒಂದು ಭಾಗ, ಎರಡು ಪಾದಗಳಲ್ಲಿಯೇ ಅಡಕವಾಗಿವೆ. ಒಬ್ಬನ ಬಲಪಾದ ಮತ್ತು ಎಡಪಾದಗಳೇ ಅಪರೂಪಕ್ಕೆ ಸರಿಸಮನಾಗಿರುತ್ತವೆ. ಬೆಳಗಿನ ಪಾದಕ್ಕಿಂತ ಸಂಜೆಯ ಪಾದ ಸ್ವಲ್ಪ ಉಬ್ಬಿರುತ್ತದೆ. ವಯಸ್ಸಾದಂತೆ ಪಾದದ ಕಮಾನು ಸಡಿಲಗೊಂಡು ಉದ್ದವೂ ಅಗಲವೂ ಹೆಚ್ಚುತ್ತವೆ. ಇಂತಹ ಸದಾ ಬದಲಾಗುವ ಅಂಗಕ್ಕೆ ಪೇಟೆಯು ಕೊಡುವ ಅಳತೆ ಸಾಮಾನ್ಯವಾಗಿ ಒಂದೇ, ಉದ್ದದ ಅಳತೆ. ಇಂಗ್ಲಿಷ್ ಪದ್ಧತಿಯಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಅಂಗುಲದ ಮೂರನೆಯ ಒಂದು ಭಾಗ. ಯುರೋಪಿನ ಇನ್ನೊಂದು ಪದ್ಧತಿಯಲ್ಲಿ ಅದು ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಎರಡರಲ್ಲಿಯೂ ಅಗಲಕ್ಕೆ ಸ್ಥಾನವಿಲ್ಲ. ಅಗಲವನ್ನೂ ಅಳೆಯುವ ಸಾಧನವೊಂದನ್ನು ಚಾರ್ಲ್ಸ್ ಬ್ರ್ಯಾನಕ್ ಎಂಬವರು 1920ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದರು. ನಮ್ಮ ಊರುಗಳ ಅಂಗಡಿಗಳಲ್ಲಿ ಅದನ್ನು ನಾನು ಕಂಡಿಲ್ಲ.

ಅಗಲವಾದ ಪಾದ ನನಗೆ ಜನ್ಮದಿಂದ ಬಂದದ್ದು. ಉದ್ದಕ್ಕೆ ಸರಿಹೋಗುವ ಬೂಟು ಬೆರಳುಗಳನ್ನು ಒತ್ತುತ್ತದೆ. ಅಗಲಕ್ಕೆ ಸರಿಹೋಗುವ ಬೂಟಿನಲ್ಲಿ ಹಿಮ್ಮಡಿ ಜಾರುತ್ತದೆ. ಕಿರುಬೆರಳಿನ ಮೇಲೆ ಆಣಿ, ಹಿಮ್ಮಡಿಯ ಮೇಲೆ ಗುಳ್ಳೆ, ಇವು ನನ್ನ ಬಹುಕಾಲದ ಸಂಗಾತಿಗಳು. ಇದು ನನ್ನೊಬ್ಬನ ಪಾಡಲ್ಲವೆಂಬುದು ತಡವಾಗಿ ತಿಳಿಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ ಬೇರೆ ಬೇರೆ ಭಾಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದವು ಯುರೋಪು, ಅಮೆರಿಕದವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಆ ಸಮೀಕ್ಷೆಯಲ್ಲಿ ಕಂಡುಬಂದಿತು. ಪರದೇಶದ ಪಾದಕ್ಕೆ ಕಡೆದ ಅಚ್ಚಿನೊಳಗೆ ನಾವು ನಮ್ಮ ಪಾದಗಳನ್ನು ತುರುಕಿಕೊಂಡು ಬಂದಿದ್ದೇವೆ ಎಂದಾಯಿತು.

ಇಷ್ಟಾಯಿತು ದೇಹದ ಕಷ್ಟ. ಜೈನ ಮನೆತನದಲ್ಲಿ ಹುಟ್ಟಿದವನಿಗೆ ಇದರ ಮೇಲೆ ಇನ್ನೊಂದು ಕಟ್ಟಳೆಯಿದೆ, ಚರ್ಮ ಕೂಡದು. ನನ್ನ ಬಾಲ್ಯದಲ್ಲಿ ಹಿರಿಯರು ಮನೆಯೊಳಗೆ ಮರದ ಹಾವುಗೆ ಮೆಟ್ಟುತ್ತಿದ್ದರು. ಹೊರಗೆ ಹೋಗಲು ಕ್ಯಾನ್ವಾಸ್ ಬೂಟು, ಇಲ್ಲವೆ ರಬ್ಬರಿನ ಹವಾಯಿ ಚಪ್ಪಲಿ. ಮದುವೆಯ ದಿನವೂ, ಪದವಿ ಪರೀಕ್ಷೆಯ ದಿನವೂ, ಮುಂದೆ ಬ್ಯಾಂಕಿನ ಅಧಿಕಾರಿಗಳನ್ನು ಕಾಣುವ ದಿನವೂ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ನಮ್ಮ ಪಾಲಿಗಿದ್ದ ಸ್ವಾತಂತ್ರ್ಯ. ಅನಂತರ ಕೃತಕ ಚರ್ಮದ ಬೂಟುಗಳು ಬಂದವು. ಅಲ್ಲಿಯೂ ಎಚ್ಚರ ಬೇಕಾಯಿತು. ಚರ್ಮವಿಲ್ಲವೆಂದು ಹೇಳಿ ಒಬ್ಬ ಅಂಗಡಿಯವರು ನನಗೆ ಕೊಟ್ಟ ಜೋಡಿನ ಹೊರಮೈ ಕೃತಕವಾಗಿತ್ತು, ಒಳಮೈ ಚರ್ಮದ್ದಾಗಿತ್ತು. ಯುರೋಪಿನ ಒಕ್ಕೂಟವು 1994ರಲ್ಲಿ ಒಂದು ನಿಯಮ ಮಾಡಿ, ಪಾದರಕ್ಷೆಯ ಮೇಲ್ಭಾಗ, ಒಳಪದರ, ಅಟ್ಟೆ ಇವು ಯಾವ ವಸ್ತುವಿನಿಂದ ಆದವೆಂಬುದನ್ನು ಚಿಹ್ನೆಗಳಿಂದ ಸೂಚಿಸಬೇಕೆಂದು ವಿಧಿಸಿತು. ಹರಡಿದ ಚಕ್ಕಳದ ಆಕಾರವಿದ್ದರೆ ಚರ್ಮ, ಬಲೆಯಂತಹ ಚಿಹ್ನೆಯಿದ್ದರೆ ಬಟ್ಟೆ, ವಜ್ರಾಕಾರವಿದ್ದರೆ ಇತರ ವಸ್ತು. ಅಲ್ಲಿನ ಪೇಟೆಗಾಗಿ ತಯಾರಾದ ಜೋಡುಗಳಲ್ಲಿ ಈ ಚಿಹ್ನೆಗಳು ಇರುತ್ತವೆ. ಕೊಳ್ಳುವ ಶ್ರಾವಕರು ಅವನ್ನು ಓದಲು ಕಲಿಯುವುದು ಒಳ್ಳೆಯದು.

ಈಗ ಮೂಲ ಪ್ರಶ್ನೆಗೆ ಬರೋಣ. ಮುನಿಗಳಿಗೆ ಈ ಸಮಸ್ಯೆಯೇ ಇಲ್ಲ. ಅವರು ಬರಿಗಾಲಿನಲ್ಲಿ ವಿಹರಿಸುತ್ತಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಅವರ ಪಾದರಕ್ಷೆ. ವ್ಯತ್ಯಾಸವೆಂದರೆ ಅದು ರಕ್ಷಿಸುವುದು ತನ್ನ ಪಾದವನ್ನಲ್ಲ, ಪಾದದಡಿಯ ಜೀವಿಯನ್ನು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ 22 ಪರೀಷಹಗಳಲ್ಲಿ ನಡೆಯುವ ಕಷ್ಟವಾದ ಚರ್ಯಾ ಪರೀಷಹವೂ, ಮುಳ್ಳು ಹುಲ್ಲುಗಳು ಚುಚ್ಚುವ ತೃಣಸ್ಪರ್ಶ ಪರೀಷಹವೂ ಸೇರಿವೆ. ಶ್ರಾವಕನಿಗೆ ಅಷ್ಟು ಸಾಮರ್ಥ್ಯವಿಲ್ಲ. ಅಂಗಡಿಗೆ ಹೋಗಬೇಕು, ಹೊಲಕ್ಕೆ ಹೋಗಬೇಕು, ಕಾದ ಡಾಂಬರು ರಸ್ತೆಯಲ್ಲಿ ನಡೆಯಬೇಕು. ಆದುದರಿಂದಲೇ ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನಾದವನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು, ಉಳಿದವುಗಳನ್ನು ಆದಷ್ಟು ಕಡಿಮೆ ಮಾಡಬೇಕು ಎಂದರು.

ಇಲ್ಲಿ ಒಂದು ವಾದವನ್ನು ಪರಿಶೀಲಿಸಬೇಕು. "ಪಶುವನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮ ಅದರ ಉಳಿಕೆ. ಅದನ್ನು ಬಳಸದಿದ್ದರೂ ಪಶು ಬದುಕುವುದಿಲ್ಲ" ಎಂದು ವಿದ್ಯಾವಂತ ತರುಣರು ಕೇಳುತ್ತಾರೆ. ವಾಣಿಜ್ಯ ಓದಿದ ನನಗೆ ಈ ವಾದದ ದೋಷ ಲೆಕ್ಕದ ಪುಸ್ತಕದಲ್ಲಿಯೇ ಕಾಣುತ್ತದೆ. ಯಾವುದೇ ಉದ್ಯಮದಲ್ಲಿ ಉಪ-ಉತ್ಪನ್ನದಿಂದ ಬಂದ ಹಣ ಮುಖ್ಯ ಉತ್ಪನ್ನದ ಲೆಕ್ಕಕ್ಕೆ ಜಮಾ ಆಗುತ್ತದೆ, ಅಷ್ಟರಮಟ್ಟಿಗೆ ಅದರ ವೆಚ್ಚವನ್ನು ತಗ್ಗಿಸುತ್ತದೆ. ಎಣ್ಣೆ ಗಾಣದವನಿಗೆ ಹಿಂಡಿಯ ಹಣವೂ ಬೇಕು, ಅಕ್ಕಿ ಗಿರಣಿಯವನಿಗೆ ತೌಡಿನ ಹಣವೂ ಬೇಕು. ಅದೇ ರೀತಿ ಚರ್ಮದ ಬೆಲೆ ಕಸಾಯಿಖಾನೆಯ ಲಾಭದ ಒಂದು ಭಾಗ. ಚರ್ಮ ಕೊಳ್ಳುವವನು ಕೊಂದವನಲ್ಲ, ನಿಜ. ಆದರೆ ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಕೃತ, ಕಾರಿತ, ಅನುಮತಗಳಲ್ಲಿ ಮೂರನೆಯದರಿಂದ ಅವನು ತಪ್ಪಿಸಿಕೊಳ್ಳಲಾರ. ಹಣ ಕೊಡುವುದು ಬಾಯಿಮಾತಿಗಿಂತ ಗಟ್ಟಿಯಾದ ಅನುಮೋದನೆ.

ಮಹಾತ್ಮಾ ಗಾಂಧಿಯವರು ಈ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ನೋಡಿದರು. ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಸ್ವತಃ ಚಪ್ಪಲಿ ಮಾಡಲು ಕಲಿತರು. ತಮ್ಮ ಎದುರಾಳಿಯಾಗಿದ್ದ ಜನರಲ್ ಸ್ಮಟ್ಸ್ ಅವರಿಗೂ ತಾವೇ ಮಾಡಿದ ಒಂದು ಜೊತೆಯನ್ನು ಕೊಟ್ಟರು. ಮುಂದೆ ಭಾರತದಲ್ಲಿ ಸಹಜವಾಗಿ ಸತ್ತ ದನಗಳ ಚರ್ಮದಿಂದಲೇ ಪಾದರಕ್ಷೆ ಮಾಡಬೇಕೆಂದು ಅವರು ಒತ್ತಾಯಿಸಿದರು. ಅವರ ಆಶ್ರಮಗಳಲ್ಲಿ ಆ ಬಗೆಯ ಚರ್ಮ ಹದಮಾಡುವ ಕೆಲಸ ನಡೆಯಿತು. ಸಂಪ್ರದಾಯಸ್ಥ ಶ್ರಾವಕರು ಇದನ್ನು ಒಪ್ಪದಿರಬಹುದು. ಆದರೆ "ಚರ್ಮ ಬೇಡ" ಎನ್ನುವುದಕ್ಕಿಂತ "ಕೊಲೆ ಬೇಡ" ಎಂಬುದು ಹೆಚ್ಚು ಮೂಲಭೂತವೆಂಬ ಅವರ ತಿಳಿವು ಗೌರವಾರ್ಹವಾದುದು. ವಸ್ತುವನ್ನು ಬಿಡುವುದು ಆಚಾರ. ಏತಕ್ಕೆ ಬಿಟ್ಟೆವೆಂಬುದನ್ನು ಮರೆಯದಿರುವುದು ಧರ್ಮ.

ಹಾಗಾದರೆ ಚರ್ಮವಿಲ್ಲದ ಜೋಡು ನಿರ್ದೋಷವೆ? ಅದೂ ಅಲ್ಲ. ಇಂದಿನ ಕೃತಕ ಜೋಡುಗಳು ಬಹುತೇಕ ಭೂಮಿಯೊಳಗಿನ ಎಣ್ಣೆಯಿಂದ ಹುಟ್ಟಿದವು. ಪಾಲಿಯುರಿಥೇನ್ ಎಂಬ ವಸ್ತುವಿನ ಅಟ್ಟೆಯು ಗಾಳಿಯ ತೇವವನ್ನು ಹೀರಿ, ಮೆಟ್ಟದೆ ಕಪಾಟಿನಲ್ಲಿ ಇಟ್ಟಿದ್ದರೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಆ ಪುಡಿ ಮಣ್ಣಿನಲ್ಲಿ ಮಣ್ಣಾಗುವುದಿಲ್ಲ. ಮಳೆನೀರಿನೊಡನೆ ಹಳ್ಳ ಕೊಳ್ಳ ಸೇರಿ ಜಲಚರಗಳ ಹೊಟ್ಟೆಯನ್ನು ಸೇರಬಹುದು. ಎಸೆದ ಜೋಡುಗಳನ್ನು ಸುಟ್ಟರೆ ಹೊಗೆ ವಿಷ. ಅಗ್ಗವಾಗಿ ಸಿಗುವುದರಿಂದ ಒಂದು ಹರಿಯುವ ಮೊದಲೇ ಇನ್ನೊಂದನ್ನು ಕೊಳ್ಳುವ ಚಪಲವೂ ಬೆಳೆದಿದೆ. ಹೀಗೆ ಪೂರ್ಣ ನಿರ್ದೋಷವಾದ ಪಾದರಕ್ಷೆ ಪೇಟೆಯಲ್ಲಿ ಇಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇದರಿಂದ "ಎಲ್ಲದರಲ್ಲಿಯೂ ದೋಷವಿರುವಾಗ ಯಾವುದಾದರೇನು" ಎಂಬ ಸಡಿಲಿಕೆಗೆ ಎಡೆಗೊಡಬಾರದು. ಪಂಚೇಂದ್ರಿಯ ಜೀವಿಯ ಪ್ರಾಣದ ಬೆಲೆಯಿಂದ ಬಂದ ವಸ್ತುವಿಗೂ, ಬಹುದೂರದ ಪರಿಣಾಮದಿಂದ ಸೂಕ್ಷ್ಮ ಜೀವಿಗಳಿಗೆ ಬಾಧೆ ತರುವ ವಸ್ತುವಿಗೂ ತಾರತಮ್ಯವಿದೆ. ದೋಷಗಳಲ್ಲಿ ಹೆಚ್ಚು ಕಡಿಮೆಯನ್ನು ತೂಗುವುದೇ ವಿವೇಕ.

ಇನ್ನು ನಾನು ಬಹಳ ಮುಖ್ಯವೆಂದು ಭಾವಿಸಿದ ಮಾತನ್ನು ಹೇಳಬೇಕು. ಚರ್ಮವನ್ನು ಬಿಟ್ಟ ನಾವು ಅದರ ಜೊತೆಗೆ ಚರ್ಮದ ಕೆಲಸ ಮಾಡುವ ಮನುಷ್ಯನನ್ನೂ ಬಿಟ್ಟೆವೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಎಂಟು ಮದಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಕುಲಮದ, ಜಾತಿಮದಗಳೂ ಇವೆ. ಸಮ್ಯಗ್ದರ್ಶನವನ್ನು ಕೆಡಿಸುವ ದೋಷಗಳೆಂದು ಅವುಗಳನ್ನು ಹೇಳಲಾಗಿದೆ. ಸತ್ತ ಪಶುವಿನ ಚರ್ಮವನ್ನು ಮುಟ್ಟಲೊಲ್ಲದ ದಯೆ ಬದುಕಿರುವ ಮನುಷ್ಯನನ್ನು ಮುಟ್ಟಲೊಲ್ಲದ ತಿರಸ್ಕಾರವಾಗಿ ಮಾರ್ಪಟ್ಟರೆ, ಒಂದು ಕೈಯಲ್ಲಿ ಗಳಿಸಿದ ಪುಣ್ಯವನ್ನು ಇನ್ನೊಂದು ಕೈಯಿಂದ ಚೆಲ್ಲಿದಂತೆ. ಬಸದಿಯ ಬೀದಿಯ ತಿರುವಿನಲ್ಲಿ ಕೊಡೆಯ ನೆರಳಲ್ಲಿ ಕುಳಿತು ನಮ್ಮ ಹರಿದ ಚಪ್ಪಲಿಯನ್ನು ಹೊಲಿಯುವವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಚಿನ್ನದ ಅಂಗಡಿಯಲ್ಲಿ ಚೌಕಾಸಿ ಮಾಡದ ನಾವು ಅವರ ಹತ್ತು ರೂಪಾಯಿಯಲ್ಲಿ ಎರಡನ್ನು ಕಡಿಮೆ ಮಾಡಿಸುತ್ತೇವೆ.

ಹನ್ನೆರಡನೆಯ ಶತಮಾನದ ಶರಣ ಹರಳಯ್ಯನವರ ಕಥೆ ಕನ್ನಡಿಗರಿಗೆಲ್ಲ ಪರಿಚಿತ. ಅವರ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರೆಂದೂ, ಆ ಹೆಚ್ಚಿನ ಒಂದು ಶರಣಿನ ಋಣವನ್ನು ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲಿರಿಸಿಕೊಂಡರೆಂದೂ ಐತಿಹ್ಯವಿದೆ. ಮತ ಬೇರೆಯಾದರೂ ಕಥೆಯ ಒಳದನಿ ನಮಗೂ ಸಲ್ಲುವಂಥದು. ಚರ್ಮವೆಂದರೆ ಯಾವುದೋ ಒಂದು ಜೀವಿಯ ಮೈ ಎಂಬುದನ್ನು ಅದು ನೆನಪಿಸುತ್ತದೆ. ಒಬ್ಬರ ನೋವಿನಿಂದ ಬಂದ ಸುಖವನ್ನು ಇನ್ನೊಬ್ಬರು ಕಾಲಿನಿಂದ ಮೆಟ್ಟಲಾಗದು ಎಂಬುದನ್ನೂ ಹೇಳುತ್ತದೆ. ಇಂದಿಗೂ ನಮ್ಮ ಅಥಣಿ, ನಿಪ್ಪಾಣಿಗಳ ಕಡೆ ನೂರಾರು ಕುಟುಂಬಗಳು ಕೈಯಿಂದ ಚಪ್ಪಲಿ ಮಾಡುತ್ತವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆ ಪ್ರದೇಶದಲ್ಲಿಯೇ ನಮ್ಮ ಸಮಾಜವೂ ದಟ್ಟವಾಗಿದೆ. ಅವರ ವಸ್ತುವನ್ನು ಕೊಳ್ಳದಿರುವ ವ್ರತ ನಮಗಿರಬಹುದು. ಅವರ ಮಕ್ಕಳ ಶಾಲಾ ಶುಲ್ಕಕ್ಕೆ, ಔಷಧಿಗೆ ನೆರವಾಗಬಾರದೆಂಬ ವ್ರತ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಬಟ್ಟೆ, ಸೆಣಬು, ರಬ್ಬರುಗಳಿಂದ ಜೋಡು ಮಾಡಿಕೊಡಿರೆಂದು ಅವರಿಗೇ ಕೆಲಸ ಕೊಡುವುದಕ್ಕೂ ಅಡ್ಡಿಯಿಲ್ಲ. ಅಗಲ ಪಾದದವರಿಗೆ ಇದರಿಂದ ಸ್ವಂತ ಲಾಭವೂ ಉಂಟು. ಕಾಗದದ ಮೇಲೆ ಎರಡೂ ಪಾದಗಳ ಗೆರೆ ಎಳೆದು ಕೊಟ್ಟು, ದಪ್ಪ ಬಟ್ಟೆಯ ಮೇಲ್ಭಾಗ ಮತ್ತು ರಬ್ಬರಿನ ಅಟ್ಟೆಯಿರುವ ಜೋಡನ್ನು ಮಾಡಿಸಿಕೊಂಡ ಮೇಲೆ, ಕಾರ್ಖಾನೆಯ ಯಾವ ಜೋಡೂ ಕೊಡದ ಸಮಾಧಾನ ನನ್ನ ಪಾದಗಳಿಗೆ ದೊರೆಯಿತು. ಯಂತ್ರವು ಪಾದವನ್ನು ಅಚ್ಚಿಗೆ ಹೊಂದಿಸುತ್ತದೆ. ಮನುಷ್ಯನ ಕೈ ಅಚ್ಚನ್ನು ಪಾದಕ್ಕೆ ಹೊಂದಿಸುತ್ತದೆ.

ಸುಖವೆಂದರೆ ಏನು ಎಂಬುದನ್ನೂ ಇಲ್ಲಿ ವಿಚಾರಿಸಬೇಕು. ನೋವಿಲ್ಲದಿರುವುದೇ ಸುಖವೆಂದು ನಾವು ತಿಳಿದಿದ್ದೇವೆ. ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಸೇವೆಗೆ ನಿಂತರು. ಆ ರೋಗಿಗಳ ಬೆರಳುಗಳೂ ಪಾದಗಳೂ ನಶಿಸುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ಸ್ಪರ್ಶಜ್ಞಾನ ಹೋಗಿ ನೋವು ತಿಳಿಯದೆ ಆಗುವ ಗಾಯಗಳಿಂದ ಎಂಬುದನ್ನು ಅವರು ತೋರಿಸಿಕೊಟ್ಟರು. ಬೂಟಿನೊಳಗೆ ಮೊಳೆ ಚುಚ್ಚುತ್ತಿದ್ದರೂ ಅಂಥವರು ದಿನವಿಡೀ ನಡೆಯುತ್ತಾರೆ. ಅವರಿಗೆ ಎಲ್ಲ ಬೂಟುಗಳೂ ಹಿತಕರವೇ! ಆ ಹಿತವೇ ಅವರ ಪಾದವನ್ನು ತಿನ್ನುತ್ತದೆ. ಅವರಿಗಾಗಿ ವೆಲ್ಲೂರಿನಲ್ಲಿ ಮೃದುವಾದ ಸೂಕ್ಷ್ಮರಂಧ್ರ ರಬ್ಬರಿನ ಚಪ್ಪಲಿಗಳು ರೂಪುಗೊಂಡವು. ಎಂಸಿಆರ್ ಚಪ್ಪಲಿ ಎಂಬ ಹೆಸರಿನಲ್ಲಿ ಇಂದು ಮಧುಮೇಹಿಗಳಿಗೂ ವೈದ್ಯರು ಅದನ್ನೇ ಸೂಚಿಸುತ್ತಾರೆ. ನೋವು ಒಂದು ವರವೆಂಬುದು ಡಾ. ಬ್ರ್ಯಾಂಡ್ ಅವರ ದೃಢವಾದ ಅಭಿಪ್ರಾಯವಾಗಿತ್ತು.

ಪಾದದ ವಿಷಯದಲ್ಲಿ ನಿಜವಾದುದು ಮನಸ್ಸಿನ ವಿಷಯದಲ್ಲಿಯೂ ನಿಜ. ಒಂದು ವಸ್ತುವನ್ನು ಕೊಳ್ಳುವಾಗ ಇದು ಎಲ್ಲಿಂದ ಬಂತು, ಯಾರ ನೋವಿನಿಂದ ಬಂತು ಎಂಬ ಚುಚ್ಚುವಿಕೆ ಮನಸ್ಸಿಗೆ ಆಗುತ್ತಿರುವವರೆಗೆ ಮನಸ್ಸು ಆರೋಗ್ಯವಾಗಿದೆಯೆಂದು ತಿಳಿಯಬೇಕು. ಪಾದಕ್ಕೂ ಪೂರ್ಣ ಸುಖ, ಮನಸ್ಸಿಗೂ ಪೂರ್ಣ ಸುಖ ಎನ್ನುವಂತಹ ಜೋಡು ನನಗೆ ದೊರೆತಿಲ್ಲ. ದೊರೆಯಲಾರದೆಂದೂ ಈಗ ತೋರುತ್ತದೆ. ಅದರಲ್ಲಿ ದುಃಖಪಡುವಂತಹದೇನೂ ಇಲ್ಲ. ಸಾತಾವೇದನೀಯ, ಅಸಾತಾವೇದನೀಯ ಎರಡೂ ಕರ್ಮಗಳೇ ಎಂದು ಕಲಿತವರಿಗೆ ಸ್ವಲ್ಪ ಕಚ್ಚುವ ಚಪ್ಪಲಿ ಅಷ್ಟು ದೊಡ್ಡ ಉಪಸರ್ಗವಲ್ಲ.

ಹಾಗಾದರೆ ಗೃಹಸ್ಥನಿಗೆ ದಾರಿ ಯಾವುದು? ನಮ್ಮ ಆಚಾರ್ಯರು ಅದನ್ನು ಮೊದಲೇ ತೋರಿದ್ದಾರೆ. ಅದು ಭೋಗೋಪಭೋಗ ಪರಿಮಾಣ ವ್ರತ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಪಾದರಕ್ಷೆ ಎರಡನೆಯ ವರ್ಗಕ್ಕೆ ಸೇರುತ್ತದೆ. ಶ್ವೇತಾಂಬರ ಸಂಪ್ರದಾಯದ ಶ್ರಾವಕರು ದಿನದಿನವೂ ಸ್ಮರಿಸುವ ಹದಿನಾಲ್ಕು ನಿಯಮಗಳಲ್ಲಿ "ವಾಣಹ" ಎಂಬುದೊಂದಿದೆ. ಇಂದು ಇಷ್ಟು ಜೊತೆ ಪಾದರಕ್ಷೆಗಿಂತ ಹೆಚ್ಚು ಬಳಸೆನು ಎಂಬ ಮಿತಿಯೇ ಅದು. ಸೋದರ ಸಂಪ್ರದಾಯದ ಈ ಸೂಕ್ಷ್ಮ ದೃಷ್ಟಿ ಎಲ್ಲರಿಗೂ ಅನುಕರಣೀಯ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮ್ಮ ಗಾದೆ ಹೇಳುವುದೂ ಇದನ್ನೇ. ಮನೆಯ ಬಾಗಿಲಲ್ಲಿರುವ ಜೋಡುಗಳನ್ನು ಒಮ್ಮೆ ಎಣಿಸಿ ನೋಡಿರಿ. ನಾಲ್ಕು ಜನರ ಮನೆಯಲ್ಲಿ ಇಪ್ಪತ್ತು ಜೊತೆ ಇದ್ದರೆ, ಅವುಗಳಲ್ಲಿ ಹನ್ನೆರಡು ಪಾದರಕ್ಷೆಗಳಲ್ಲ, ಪರಿಗ್ರಹ.

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಮಾತಿದೆ. ವಸ್ತುವಿನ ಬೆಲೆಯನ್ನು ಅದರ ಆಯುಷ್ಯದ ವರ್ಷಗಳಿಗೆ ಹಂಚುವುದೇ ಅದರ ಅರ್ಥ. ಆಯುಷ್ಯ ಹೆಚ್ಚಿದಷ್ಟೂ ವರ್ಷದ ಭಾರ ಕಡಿಮೆ. ಹಿಂಸೆಯ ಲೆಕ್ಕವೂ ಹಾಗೆಯೇ. ಒಂದು ಜೋಡಿನ ತಯಾರಿಕೆಯಲ್ಲಿ ಆದ ಬಾಧೆಯನ್ನು ಒಂದು ವರ್ಷಕ್ಕೆ ಬದಲಾಗಿ ನಾಲ್ಕು ವರ್ಷಗಳಿಗೆ ಹಂಚಿದರೆ, ಅಷ್ಟು ಅವಧಿಯಲ್ಲಿ ಮೂರು ಹೊಸ ಜೋಡುಗಳ ಬಾಧೆ ತಪ್ಪಿತು. ಆದುದರಿಂದ ಸಂಜೆಯ ಹೊತ್ತಿನಲ್ಲಿ, ಎರಡೂ ಪಾದಗಳಿಗೆ ಮೆಟ್ಟಿ ನಡೆದು ನೋಡಿ, ದೊಡ್ಡ ಪಾದಕ್ಕೆ ಸರಿಹೋಗುವುದನ್ನು ಕೊಳ್ಳಬೇಕು. ಸವೆದ ಅಟ್ಟೆಯನ್ನು ಬದಲಿಸುವಂತಹುದನ್ನೇ ಆರಿಸಬೇಕು. ಹರಿದರೆ ಹೊಲಿಸಬೇಕು, ಹೊಲಿದವರಿಗೆ ಕೇಳಿದಷ್ಟು ಕೊಡಬೇಕು. ಮನೆಗೆ ಒಂದು, ಹೊರಗೆ ಒಂದು ಎಂಬ ನಿಯಮದಲ್ಲಿ ನನಗೆ ಇದುವರೆಗೆ ಯಾವ ಕೊರತೆಯೂ ಕಂಡಿಲ್ಲ.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದೆರಡು ಬಿನ್ನಹ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಾವು ಬರಿಗಾಲಿನಲ್ಲಿ ಹತ್ತುತ್ತೇವೆ. ಸಮ್ಮೇದ ಶಿಖರ್ಜಿಯಲ್ಲಿ ಸುಮಾರು 27 ಕಿಲೋಮೀಟರಿನ ಯಾತ್ರೆಯನ್ನು ಬರಿಗಾಲಿನಲ್ಲಿಯೇ ಪೂರೈಸಿ ಪವಿತ್ರ ಚರಣಗಳಿಗೆ ವಂದಿಸುತ್ತೇವೆ. ಇದು ನಮ್ಮ ಪಾದಗಳಿಗೆ ದೊರೆಯುವ ಭಾಗ್ಯ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡ ವೃದ್ಧರಿಗೆ ಕಾದ ಕಲ್ಲು ಸುಟ್ಟದ್ದೇ ತಿಳಿಯುವುದಿಲ್ಲ. ಅಂಥವರಿಗಾಗಿ ಪ್ರಾಂಗಣದಲ್ಲಿ ತೆಂಗಿನ ನಾರಿನ ಚಾಪೆಯ ದಾರಿ, ದಪ್ಪ ಬಟ್ಟೆಯ ಕಾಲುಚೀಲ, ಕುಳಿತು ಪಾದವನ್ನು ಪರೀಕ್ಷಿಸಿಕೊಳ್ಳಲು ಒಂದು ಕಟ್ಟೆ ಇಷ್ಟನ್ನು ಒದಗಿಸುವುದು ದೊಡ್ಡ ವೆಚ್ಚವಲ್ಲ. ಪರ್ಯೂಷಣ, ದಶಲಕ್ಷಣ ಪರ್ವಗಳ ದಾನದ ಪಟ್ಟಿಯಲ್ಲಿ ಬಡ ರೋಗಿಗಳಿಗೆ ಎಂಸಿಆರ್ ಚಪ್ಪಲಿಯೂ ಸೇರಲಿ.

ಇದಕ್ಕೆ ಒಂದು ಉಜ್ವಲ ಮಾದರಿ ನಮ್ಮ ಮುಂದಿದೆ. ಜೈಪುರದಲ್ಲಿ 1968ರ ಸುಮಾರಿಗೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ.ಕೆ. ಸೇಠಿ ಎಂಬ ಶಸ್ತ್ರವೈದ್ಯರೂ ಕೂಡಿ ರಬ್ಬರಿನ ಕೃತಕ ಪಾದವನ್ನು ರೂಪಿಸಿದರು. ಅದುವರೆಗಿನ ಪರದೇಶದ ಕೃತಕ ಪಾದಕ್ಕೆ ಬೂಟು ಹಾಕಲೇಬೇಕಾಗಿತ್ತು. ಜೈಪುರ ಪಾದವನ್ನು ಧರಿಸಿದವರು ಬರಿಗಾಲಿನಲ್ಲಿ ಹೊಲದಲ್ಲಿ ನಡೆಯಬಹುದು, ನೆಲದ ಮೇಲೆ ಕುಳಿತುಕೊಳ್ಳಬಹುದು, ಪಾದರಕ್ಷೆಯಿಲ್ಲದೆ ದೇವಾಲಯವನ್ನು ಪ್ರವೇಶಿಸಬಹುದು. 1975ರಲ್ಲಿ ಶ್ರೀ ಡಿ.ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಆ ಪಾದವನ್ನು ಬಡವರಿಗೆ ಉಚಿತವಾಗಿ ಕೊಡುತ್ತ ಬಂದಿದೆ. ತೀರ್ಥಂಕರರ ಹೆಸರಿಗೆ ಇದಕ್ಕಿಂತ ಒಪ್ಪುವ ಸೇವೆ ಯಾವುದು? ನನಗೆ ಒಪ್ಪುವ ಜೋಡು ಎಲ್ಲಿದೆಯೆಂದು ಹುಡುಕುವವನು, ಪಾದವೇ ಇಲ್ಲದವನನ್ನು ಒಮ್ಮೆ ನೆನೆದರೆ ಅವನ ಹುಡುಕಾಟಕ್ಕೆ ತಾನಾಗಿಯೇ ಒಂದು ಮಿತಿ ಬರುತ್ತದೆ.

ಅನ್ಯರಿಗೆ ಕಡಿಮೆ ನೋವು, ತನಗೆ ಸಾಕೆನಿಸುವಷ್ಟು ಹಿತ, ಮಾಡಿದವರಿಗೆ ಗೌರವ ಮತ್ತು ತಕ್ಕ ಬೆಲೆ, ಕೊಂಡದ್ದಕ್ಕೆ ದೀರ್ಘ ಬಳಕೆ: ಈ ನಾಲ್ಕನ್ನು ಒಟ್ಟಿಗೆ ಕೂಡಿಸಿ ನೋಡುವವನು ಯಾವ ಜೋಡನ್ನು ಮೆಟ್ಟಿದರೂ ಅದರಲ್ಲಿ ಶ್ರಾವಕನಾಗಿಯೇ ನಡೆಯುತ್ತಾನೆ. ನಾಲ್ಕರಲ್ಲಿ ಒಂದನ್ನು ಮರೆತು ಉಳಿದವುಗಳಿಂದ ತೃಪ್ತನಾಗುವುದು ಸುಲಭ. ಹಾಗೆ ಮರೆಯದಿರುವ ಎಚ್ಚರವನ್ನು ನಮ್ಮ ಮಕ್ಕಳಿಗೂ ಕಲಿಸೋಣ.